ಓದದೆ ಬಿಟ್ಟ ಸಾಲು

ಆ ಶನಿವಾರ ನಾವಿಬ್ಬರೂ ಎಂದಿನಂತೆ ಏಳೂವರೆಗೆ ಮನೆ ಬಿಟ್ಟೆವು. ಕಾಂದಿವಲಿ ಪಶ್ಚಿಮದಲ್ಲಿ ನಮ್ಮ ಬಿಲ್ಡಿಂಗ್, ಪೂರ್ವದಲ್ಲಿ ಕಾರ್ಖಾನೆ, ನಡುವೆ ಸ್ಟೇಷನ್ನಿನ ಸೇತುವೆ. ನಮ್ಮ ಯಜಮಾನರು ಆ ಕಾರ್ಖಾನೆಯ ಗ್ರೈಂಡಿಂಗ್ ಸೆಕ್ಷನ್ನಿನಲ್ಲಿ ಹದಿನಾರು ವರ್ಷದಿಂದ ಇದ್ದರು. ನಾನು ಅಲ್ಲಿಯೇ ಆಫೀಸಿನಲ್ಲಿ ಟೈಪಿಸ್ಟ್. ಸೇತುವೆಯ ಮೇಲೆ ಅವರು ಯಾವಾಗಲೂ ನಾಲ್ಕು ಹೆಜ್ಜೆ ಮುಂದೆ. ಲೋಕಲ್ ಬಂದು ನಿಂತು ಜನ ಮೆಟ್ಟಿಲಿಗೆ ನುಗ್ಗಿದಾಗ ಅವರ ಬೆನ್ನು ನೋಡಿಕೊಂಡು ನಡೆದರೆ ನನಗೆ ದಾರಿ ಸಿಗುತ್ತಿತ್ತು.

ಮಳೆಗಾಲ ಇನ್ನೂ ಶುರುವಾಗಿರಲಿಲ್ಲ. ಬೆಳಿಗ್ಗೆಯೇ ಅಂಗಿ ಬೆನ್ನಿಗೆ ಅಂಟುವಂಥ ಸೆಕೆ.

"ಇವತ್ತು ಲೇಟಾಗತ್ತೇನೇ?" ಎಂದು ಸೇತುವೆ ಇಳಿದ ಮೇಲೆ ಕೇಳಿದರು.

"ಎಕ್ಸ್‌ರೇ ಪಟ್ಟಿ ಇದೆ ರೀ. ಸೋಮವಾರ ವ್ಯಾನ್ ಬರತ್ತಂತೆ."

"ನಮ್ಮೆದೇಲಿ ಏನಿದೆ ಅಂತ ಇವರಿಗೆ ವ್ಯಾನ್ ಕಳಿಸಿ ನೋಡ್ಬೇಕಾ? ಕಬ್ಬಿಣದ ಪುಡಿ ಇದೆ ಕಣೇ. ಕೇಳಿದ್ರೆ ನಾನೇ ಹೇಳ್ತಿದ್ದೆ."

ಗೇಟಿನಲ್ಲಿ ಅವರು ಎಡಕ್ಕೆ ಹೋದರು, ನಾನು ಬಲಕ್ಕೆ ಹೋದೆ. ಅವರ ಕೈಯಲ್ಲಿ ಊಟದ ಡಬ್ಬಿ ಇತ್ತು. ಡಬ್ಬಿಯಲ್ಲಿ ಚಪಾತಿ, ಹುರುಳಿಕಾಯಿ ಪಲ್ಯ, ಮೊಸರನ್ನ. ಮೊಸರು ಹುಳಿ ಬರುತ್ತದೆ ಅಂತ ನನಗೆ ಗೊತ್ತಿತ್ತು. ಹಾಲು ಬೆರೆಸುವುದು ಮರೆತಿದ್ದೆ. ಆ ದಿನ ನಾನು ಚಿಂತೆ ಮಾಡಿದ್ದು ಅಷ್ಟಕ್ಕೆ ಮಾತ್ರ.

ನಮ್ಮ ಆಫೀಸಿಗೆ ಅದೇ ವರ್ಷ ಕಂಪ್ಯೂಟರ್ ಬಂದಿತ್ತು. ಅದಕ್ಕೊಂದು ಗಾಜಿನ ಕೋಣೆ, ಎ.ಸಿ., ಬಾಗಿಲ ಹೊರಗೆ ಚಪ್ಪಲಿ ಬಿಡುವ ಜಾಗ. ದೇವರ ಮನೆಗೂ ಅಷ್ಟು ಮಡಿಯಿಲ್ಲ ಎಂದು ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿ ನಗುತ್ತಿದ್ದಳು. ಅವಳು ಉಡುಪಿ ಕಡೆಯವಳು, ನನಗಿಂತ ಐದಾರು ವರ್ಷ ಚಿಕ್ಕವಳು. ಅವಳ ಅಣ್ಣನದು ಸ್ಟೇಷನ್ ಹತ್ತಿರ ಸಣ್ಣ ಹೋಟೆಲ್. ಎಂಟು ವರ್ಷ ನಾವಿಬ್ಬರೂ ಎದುರುಬದುರು ಮೇಜಿನಲ್ಲಿ ಕೂತು ಟೈಪ್ ಹೊಡೆದಿದ್ದೆವು.

ಪಟ್ಟಿ ಯಾವುದೇ ಇರಲಿ, ಟೈಪ್ ಆದ ಮೇಲೆ ಇಬ್ಬರು ಕೂತು ಓದಬೇಕು ಎನ್ನುವುದು ನಮ್ಮ ಆಫೀಸಿನ ಹಳೆಯ ಪದ್ಧತಿ. ಒಬ್ಬರ ಕೈಯಲ್ಲಿ ಮಸ್ಟರ್, ಅಂದರೆ ಕೈಬರಹದ ಹಾಜರಿ ಪುಸ್ತಕ. ಇನ್ನೊಬ್ಬರ ಕೈಯಲ್ಲಿ ಟೈಪ್ ಆದ ಹಾಳೆ. ಮಸ್ಟರ್ ಹಿಡಿದವರು ಹೆಸರು ಓದಿ, ಅದರ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳಬೇಕು. ಹಾಳೆ ಹಿಡಿದವರು ಸರಿಯಿದ್ದರೆ ಟಿಕ್ ಹಾಕಬೇಕು. ನಾನು ಓದುವವಳು, ಅವಳು ಟಿಕ್ ಹಾಕುವವಳು. ಮುನ್ನೂರು ಹೆಸರು ಓದುವಷ್ಟರಲ್ಲಿ ಅಕ್ಷರಗಳಿಗೆ ಒಂದು ರಾಗ ಬಂದುಬಿಡುತ್ತಿತ್ತು. ಪಕ್ಕದ ಮೇಜಿನವರು ಭಜನೆ ಶುರುವಾಯಿತು ಎನ್ನುತ್ತಿದ್ದರು.

ಒಂದು ಸಾಲು ಮಾತ್ರ ನಾನು ಓದುತ್ತಿರಲಿಲ್ಲ. ಅದು ನಮ್ಮ ಯಜಮಾನರ ಸಾಲು. ಗಂಡನ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ನಮ್ಮಮ್ಮ ಹೇಳಲಿಲ್ಲ, ಅಜ್ಜಿ ಹೇಳಲಿಲ್ಲ. ಹೇಳಬಾರದು ಎಂದು ಯಾರಾದರೂ ಕೂರಿಸಿ ಕಲಿಸಿದ ನೆನಪೂ ಇಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡನ್ನೇ ಮುಂದೆ ಚಾಚುತ್ತಿದ್ದೆ. ಮಗಳು ಜೊತೆಯಲ್ಲಿದ್ದರೆ ಅವಳೇ ಹೇಳಿಬಿಡುತ್ತಿದ್ದಳು. ಆಫೀಸಿನಲ್ಲಿ ಪಟ್ಟಿ ಓದುವಾಗ ಅವರ ಸಾಲು ಬಂದರೆ ಪೆನ್ಸಿಲಿನಿಂದ ಮೇಜಿನ ಮೇಲೆ ಎರಡು ಸಲ ತಟ್ಟುತ್ತಿದ್ದೆ. ಗೆಳತಿ ಟಿಕ್ ಹಾಕುತ್ತಿದ್ದಳು. ಮುಂದಿನ ಹೆಸರಿಗೆ ಹೋಗುತ್ತಿದ್ದೆವು. ಟೈಪ್‌ರೈಟರಿನ ಕಾಲದಲ್ಲಿ ಇದರಿಂದ ಏನೂ ತೊಂದರೆಯಾಗಿರಲಿಲ್ಲ. ಆ ಹೆಸರನ್ನು ಹೊಡೆಯುವವಳು ನಾನೇ, ಮತ್ತು ಅದು ನನ್ನ ಕೈಯಲ್ಲಿ ತಪ್ಪುವುದು ಸಾಧ್ಯವೇ ಇರಲಿಲ್ಲ.

ಆ ಶನಿವಾರ ಪಟ್ಟಿಯನ್ನು ಮೊದಲ ಸಲ ಕಂಪ್ಯೂಟರಿನಲ್ಲಿ ಮಾಡಿದ್ದೆವು. ಬಾಂದ್ರಾದ ಹೆಡ್ ಆಫೀಸಿನಿಂದ ಒಬ್ಬ ಸಾಹೇಬರು ಬಂದು ಎರಡು ದಿನ ಕಲಿಸಿ ಹೋಗಿದ್ದರು. ಕೊನೆಯಲ್ಲಿ ಸ್ಪೆಲ್ ಚೆಕ್ ಮಾಡದೆ ಯಾವ ಕಾಗದವನ್ನೂ ಹೊರಗೆ ಕಳಿಸಬಾರದು ಎಂದು ಹೇಳಿದ್ದರು. ಯಂತ್ರ ತನಗೆ ಗೊತ್ತಿಲ್ಲದ ಪ್ರತಿ ಪದದ ಮುಂದೆ ನಿಂತು ಕೇಳುತ್ತದೆ. ಒಂದೊಂದಕ್ಕೂ ಉತ್ತರ ಕೊಡಲು ಬೇಸರವಾದರೆ ಇನ್ನೊಂದು ಕೀಲಿ ಒತ್ತಬಹುದು, ಆಮೇಲೆ ಅದು ಕೇಳದೆ, ತನಗೆ ಗೊತ್ತಿರುವ ಹತ್ತಿರದ ಪದಕ್ಕೆ ತಾನೇ ತಿದ್ದಿಕೊಂಡು ಹೋಗುತ್ತದೆ. ಮುನ್ನೂರು ಜನರ ಪಟ್ಟಿಯಲ್ಲಿ ಅದು ಮೊದಲ ಸಾಲಿಗೇ ನಿಂತಿತು. ಎರಡನೆಯದಕ್ಕೂ ನಿಂತಿತು. ಇಪ್ಪತ್ತನೆಯದರ ಹೊತ್ತಿಗೆ ನಾನು ಆ ಇನ್ನೊಂದು ಕೀಲಿ ಒತ್ತಿದೆ.

ಪ್ರಿಂಟರ್ ಕಿರಿಚುತ್ತಾ ಹಾಳೆ ಉಗುಳಿತು. ನಾವಿಬ್ಬರೂ ಓದಲು ಕೂತೆವು.

"ಅಯ್ಯೋ ಅಕ್ಕ, ಇದು ಎಂತ ಮಾಡಿದೆ ನೋಡಿ! ವೆಲ್ಡಿಂಗಿನವರನ್ನು ತರಕಾರಿ ಮಾಡಿದೆ."

"ತಿದ್ದು, ತಿದ್ದು. ನಗಬೇಡ."

"ಕ್ಯಾಂಟೀನಿನ ಅಜ್ಜ ಒಂದು ಕಾಯಿಲೆ ಆಗಿದ್ದಾರೆ. ಪಾಪ, ಅವರ ಚಾ ಕುಡಿದರೆ ಹೌದು ಅಂತ ಕಾಣ್ತದೆ."

ನಾನೂ ನಕ್ಕೆ. ಮರಾಠಿಯವರ ಹೆಸರುಗಳು ಒಂದರ್ಥದಲ್ಲಿ ಬಚಾವಾಗಿದ್ದವು. ಅವರಿಗೆ ತಮ್ಮ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಅಂತ ಮೂರಿರುತ್ತವೆ. ಒಂದು ಕೆಟ್ಟರೂ ಉಳಿದೆರಡರಿಂದ ಮನುಷ್ಯ ಯಾರೆಂದು ತಿಳಿಯುತ್ತಿತ್ತು. ಹಳೆ ಮೈಸೂರಿನ ನಮ್ಮಂಥವರಿಗೆ ಊರಿನದೊಂದು, ಅಪ್ಪನದೊಂದು ಅಂತ ಎರಡು ಇನಿಷಿಯಲ್, ಆಮೇಲೆ ಒಂದೇ ಹೆಸರು. ಕಾರ್ಖಾನೆಯಲ್ಲಿ ಅಂಥ ಸಾಲು ಇದ್ದದ್ದು ಅವರದೊಂದೇ.

ಗ್ರೈಂಡಿಂಗ್ ಸೆಕ್ಷನ್ ಬರುವ ಹೊತ್ತಿಗೆ ಎರಡು ಗಂಟೆ ದಾಟಿತ್ತು. ಶನಿವಾರ ಅರ್ಧ ದಿನ. ನಮ್ಮ ಹೊರತು ಎಲ್ಲರೂ ಹೊರಟಿದ್ದರು. ನಾನು ಪೆನ್ಸಿಲ್ ತಟ್ಟಿದೆ.

"ಒಂದು ದಿನವಾದ್ರೂ ಬಾಯಿ ಬಿಟ್ಟು ಹೇಳಿ ಮಾರಾಯ್ರೆ. ಹೇಳಿದ್ರೆ ಅವರ ಆಯುಷ್ಯ ಎಂತ ಕಮ್ಮಿ ಆಗ್ತದಾ?"

"ನಿನಗೆ ಮದುವೆಯಾಗಲಿ, ಆಗ ನೋಡ್ತೀನಿ."

"ನಾನು ಬೀದೀಲಿ ನಿಂತು ಕೂಗ್ತೇನೆ, ನೋಡಿ ಬೇಕಾದ್ರೆ" ಎಂದು ನನ್ನ ಮುಖ ನೋಡುತ್ತಲೇ ಅವಳು ಟಿಕ್ ಹಾಕಿದಳು. ನಾನು ಮುಂದಿನ ಹೆಸರು ಓದಿದೆ.

ಪಟ್ಟಿಯಲ್ಲಿ ನಲವತ್ತೊಂದು ಹೆಸರು ತಿದ್ದಿ, ಮತ್ತೆ ಪ್ರಿಂಟ್ ತೆಗೆದು, ಲಕೋಟೆಗೆ ಹಾಕಿ ನಾವು ಹೊರಟೆವು. ಅವರು ಗೇಟಿನ ಹೊರಗೆ ಕಾಯುತ್ತಿದ್ದರು. ಮೊಸರನ್ನ ಹುಳಿಯಾಗಿತ್ತು ಅಂತ ಅವರು ಹೇಳಲಿಲ್ಲ. ಡಬ್ಬಿ ಖಾಲಿಯಿತ್ತು.

ಸೋಮವಾರ ಎಕ್ಸ್‌ರೇ ವ್ಯಾನ್ ಬಂತು. ವ್ಯಾನಿನವರು ಯಾರ ಹೆಸರನ್ನೂ ಕೂಗಲಿಲ್ಲ. ಸೆಕ್ಷನ್ನಿನವರು ಮಸ್ಟರಿನ ಕ್ರಮದಲ್ಲಿ ಸಾಲಾಗಿ ನಿಂತರು. ಒಬ್ಬೊಬ್ಬರು ಒಳಗೆ ಹೋಗಿ ಬಂದ ಹಾಗೆ ಪಟ್ಟಿಯಲ್ಲಿ ಒಂದೊಂದು ಗೆರೆ ಬಿತ್ತು. ಯಾರಿಗೆ ತೊಂದರೆ ಕಾಣುತ್ತದೋ ಅವರಿಗೆ ಮಾತ್ರ ಕ್ಲಿನಿಕ್ಕಿನಿಂದ ಮುಚ್ಚಿದ ಲಕೋಟೆ ಬರುತ್ತದೆ, ಹಾಜರಿ ನೋಡುವ ಟೈಮ್ ಆಫೀಸಿನವರು ಅದನ್ನು ಹಂಚುತ್ತಾರೆ, ಬರದಿದ್ದರೆ ಏನೂ ಇಲ್ಲ ಎಂದರ್ಥ. ಹಾಗೆಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಆ ನೋಟಿಸನ್ನು ಟೈಪ್ ಮಾಡಿದವಳೂ ನಾನೇ.

ಜುಲೈ ತಿಂಗಳಲ್ಲಿ ಏಳೆಂಟು ಜನರಿಗೆ ಲಕೋಟೆ ಬಂತು. ಇವರಿಗೆ ಬರಲಿಲ್ಲ.

"ನೋಡಿದ್ಯಾ, ಕಬ್ಬಿಣದ ಎದೆ" ಎಂದು ಇವರು ಎದೆ ತಟ್ಟಿಕೊಂಡರು.

ಗಣೇಶನ ಹಬ್ಬದ ಹೊತ್ತಿಗೆ ಕೆಮ್ಮು ಶುರುವಾಯಿತು. ಮಳೆಗಾಲದ ಕೆಮ್ಮು ಅಂದುಕೊಂಡೆವು. ಮುಂಬಯಿಯಲ್ಲಿ ಮಳೆಗಾಲದಲ್ಲಿ ಯಾರು ಕೆಮ್ಮುವುದಿಲ್ಲ? ಶುಂಠಿ ಕಷಾಯ, ಮೆಣಸಿನ ಸಾರು. ಬಿಲ್ಡಿಂಗಿನ ಕೆಳಗಿನ ಡಾಕ್ಟರ್ ಎರಡು ಸಲ ಸಿರಪ್ ಬದಲಿಸಿದರು. ನಾನು ಒಂದು ದಿನ, "ಎದೆ ಒಂದು ಸಲ ತೋರಿಸೋಣ ರೀ" ಅಂದೆ. ಅವರು, "ಜೂನಲ್ಲಿ ತೆಗೆದಿದ್ದಾರಲ್ಲೇ. ಏನೂ ಬಂದಿಲ್ವಲ್ಲ" ಎಂದರು. ಅದು ಸರಿಯಾದ ಮಾತಾಗಿತ್ತು. ನಾನೂ ಒಪ್ಪಿದೆ. ಸೇತುವೆಯ ಮೆಟ್ಟಿಲು ಹತ್ತುವಾಗ ಅವರು ಈಗ ನನ್ನ ಜೊತೆಗೇ ನಡೆಯುತ್ತಿದ್ದರು. ಮಧ್ಯದಲ್ಲಿ ನಿಂತು, ಹಳಿಗಳನ್ನು ನೋಡುವವರ ಹಾಗೆ ಕಂಬಿ ಹಿಡಿದುಕೊಳ್ಳುತ್ತಿದ್ದರು.

ನವೆಂಬರಿನಲ್ಲಿ ಕರವಸ್ತ್ರದಲ್ಲಿ ರಕ್ತ ಕಂಡಿತು. ದೊಡ್ಡ ಆಸ್ಪತ್ರೆಗೆ ಹೋದೆವು. ಕೌಂಟರಿನಲ್ಲಿ ರೋಗಿಯ ಹೆಸರು ಕೇಳಿದಾಗ ಎಂದಿನಂತೆ ಮಗಳೇ ಹೇಳಿದಳು. ಆಗ ಅವಳಿಗೆ ಹನ್ನೆರಡು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಫ್ಯಾಕ್ಟರಿಯಲ್ಲಿ ಪ್ರತಿ ವರ್ಷ ಎಕ್ಸ್‌ರೇ ತೆಗೆಯುವುದಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದರು. ತೆಗೆದಿದ್ದಾರೆ, ಏನೂ ಇರಲಿಲ್ಲ ಎಂದು ಇವರು ಹೇಳಿದರು. ಡಾಕ್ಟರು ಫಿಲ್ಮನ್ನು ಕವರಿಗೆ ಹಾಕಿದರು. ಆಮೇಲೆ ನನ್ನನ್ನು ಹೊರಗೆ ಕರೆದು ಕ್ಯಾನ್ಸರ್ ಎಂದರು.

ಆ ಮೂರು ತಿಂಗಳನ್ನು ನಾನು ಬರೆಯುವುದಿಲ್ಲ. ಆಸ್ಪತ್ರೆಗೆ ಹೋಗುವ ಲೋಕಲ್, ಆಸ್ಪತ್ರೆಯಿಂದ ಬರುವ ಲೋಕಲ್. ಗೆಳತಿ ದಿನಾ ಅಣ್ಣನ ಹೋಟೆಲಿನಿಂದ ಇಡ್ಲಿ, ಗಂಜಿ ತಂದುಕೊಡುತ್ತಿದ್ದಳು. ಫೆಬ್ರವರಿಯಲ್ಲಿ ಅವರು ಹೋದರು.

ಮರಣದ ನೋಂದಣಿಗೆ ನಾನೊಬ್ಬಳೇ ವಾರ್ಡ್ ಆಫೀಸಿಗೆ ಹೋದೆ. ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಮನಸ್ಸಾಗಲಿಲ್ಲ. ಕಿಟಕಿಯಾಚೆಯ ಗುಮಾಸ್ತರು ಬರೆಯುತ್ತಾ, "ನಾವ್?" ಎಂದು ಹೆಸರು ಕೇಳಿದರು. ಆಸ್ಪತ್ರೆಯ ಕಾಗದ ಅವರ ಮುಂದೆಯೇ ಇತ್ತು. ಅದರ ಕಡೆ ಬೆರಳು ತೋರಿಸಿದೆ. "ಬಾಯಿ, ತುಮಿ ಸಾಂಗಾ" ಎಂದರು, ಅಮ್ಮಾ, ನೀವೇ ಹೇಳಬೇಕು ಅಂತ. ನನ್ನ ಹಿಂದೆ ಸಾಲು ಬೆಳೆದಿತ್ತು. ಹೇಳಿದೆ. ಮದುವೆಯಾಗಿ ಹದಿನೈದು ವರ್ಷದ ಮೇಲೆ ಅದು ಮೊದಲ ಸಲ. ಅವರು ತಲೆಯೆತ್ತದೆ ಬರೆದುಕೊಂಡು ವಯಸ್ಸು ಕೇಳಿದರು.

ಹದಿನೈದು ದಿನ ಕಳೆದು ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂತು ಮಾಡುವುದೇನೂ ಇರಲಿಲ್ಲ. ಜನ ನನ್ನನ್ನು ನೋಡಿದಾಗ ಧ್ವನಿ ತಗ್ಗಿಸುತ್ತಿದ್ದರು, ಒಂದೆರಡು ವಾರದಲ್ಲಿ ಅದೂ ನಿಂತಿತು. ನಿಂತದ್ದು ಒಳ್ಳೆಯದಾಯಿತು.

ಮೇ ತಿಂಗಳಲ್ಲಿ ಮತ್ತೆ ಎಕ್ಸ್‌ರೇ ಪಟ್ಟಿ ಮಾಡಬೇಕೆಂದು ಹೇಳಿದರು. ಅದೇ ವಾರ ಟೈಮ್ ಆಫೀಸಿನ ಗುಮಾಸ್ತರು ನನ್ನ ಮೇಜಿನ ಹತ್ತಿರ ಬಂದರು. ನಿವೃತ್ತಿಗೆ ಹತ್ತಿರವಾಗಿದ್ದ ಮರಾಠಿ ಮನುಷ್ಯ, ಒಳ್ಳೆಯವರು. ಕೈಯಲ್ಲೊಂದು ಕಂದು ಲಕೋಟೆ.

"ವಹಿನೀ, ಹಾ ಮಾಣೂಸ್ ಕೋಣ್, ಯಾರೀ ಮನುಷ್ಯ? ಹೋದ ವರ್ಷದ್ದು ಇದು. ಮಸ್ಟರ್ ಪೂರಾ ನೋಡಿದೆ, ಇಂಥ ಹೆಸರಿಲ್ಲ. ವಸಯಿ ಕಡೆ ಕ್ರಿಶ್ಚನ್ ಇರ್ಬೇಕು, ಕಾಂಟ್ರಾಕ್ಟ್ ಮೇಲೆ ಬಂದು ಬಿಟ್ಟುಹೋದವನು ಅಂದ್ಕೊಂಡೆ. ಬಂದ್ರೆ ಕೊಡೋಣ ಅಂತ ಡ್ರಾವರಲ್ಲೇ ಇಟ್ಟಿದ್ದೆ. ಈ ಸಲ ಲಿಸ್ಟಿಂದ ತೆಗೆದುಹಾಕಿ" ಎಂದು ಅವರು ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಹೇಳಿದರು.

ಲಕೋಟೆಯ ಮೇಲೆ ಕ್ರಿಶ್ಚಿಯನ್ನರದು ಅನ್ನಿಸುವಂಥ ಹೆಸರೇ ಇತ್ತು. ಹೆಸರಿಗೆ ಮೊದಲು ಎರಡು ಇನಿಷಿಯಲ್. ಒಂದು ಊರಿನದು, ಒಂದು ನನ್ನ ಮಾವನವರದು.

ಗುಮಾಸ್ತರಿಗೆ, "ಇಲ್ಲೇ ಬಿಟ್ಟುಹೋಗಿ" ಎಂದೆ. ಅವರು ಹೋದ ಮೇಲೆ ಕಪಾಟಿನಿಂದ ಹೋದ ವರ್ಷ ನಾವು ಟಿಕ್ ಹಾಕಿದ ಪಟ್ಟಿಯ ಪ್ರತಿ ತೆಗೆದೆ. ಗ್ರೈಂಡಿಂಗ್ ಸೆಕ್ಷನ್. ಹದಿನಾರು ವರ್ಷ ಅವರ ಎಡಕ್ಕೂ ಬಲಕ್ಕೂ ನಿಂತು ಕೆಲಸ ಮಾಡಿದ ಇಬ್ಬರ ನಡುವೆ ಆ ಪರಕೀಯ ಹೆಸರು. ಪಕ್ಕದಲ್ಲಿ ಗೆಳತಿಯ ಕೆಂಪು ಟಿಕ್.

ಲಕೋಟೆ ಒಡೆದೆ. ಜುಲೈ ಮೊದಲ ವಾರದ ತಾರೀಖು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ನೆರಳು ಕಾಣುತ್ತಿದೆ, ತಡಮಾಡದೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು ಎಂದು ಎರಡು ಸಾಲು.

ಗೆಳತಿ ಎದುರಿನ ಮೇಜಿನಿಂದ ಎದ್ದು ಬಂದಳು. ನಾನು ಕಾಗದವನ್ನೂ ಪಟ್ಟಿಯನ್ನೂ ಅವಳ ಕಡೆಗೆ ಸರಿಸಿದೆ. ಅವಳು ಓದಿದಳು. ಮತ್ತೊಮ್ಮೆ ಓದಿದಳು.

"ನಾನು ನೋಡ್ಲೇ ಇಲ್ಲ ಅಕ್ಕ" ಎಂದಳು. "ನಿಮ್ಮ ಹತ್ರ ಮಾತಾಡ್ತಾ ಹಾಗೇ ಟಿಕ್ ಹಾಕಿದೆ. ನನ್ನದೇ ತಪ್ಪು."

"ಓದಬೇಕಾದವಳು ನಾನು."

"ನೀವು ಯಾವತ್ತೂ ಓದುದಿಲ್ಲ ಅಂತ ನನಗೆ ಗೊತ್ತುಂಟಲ್ಲ. ನಾನಾದ್ರೂ ನೋಡ್ಬೇಕಿತ್ತಲ್ಲ."

ಅವಳು ಅತ್ತಳು. ನನಗೆ ಅಳು ಬರಲಿಲ್ಲ. ಅಷ್ಟು ಹೊತ್ತಿಗೆ ನನ್ನಲ್ಲಿ ಅಳುವ ಶಕ್ತಿಯೂ ಉಳಿದಿರಲಿಲ್ಲ ಅಂತ ಕಾಣುತ್ತದೆ. ಆ ಕೀಲಿ ಒತ್ತಿದವಳೂ ನಾನೇ ಎಂದು ಅವಳಿಗೆ ನೆನಪಿಸಲಿಲ್ಲ.

ಆ ಕಾಗದ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರಿಗಾಗಿ ಹೊರಗಿನ ಬೆಂಚಿನಲ್ಲಿ ಎರಡೂವರೆ ಗಂಟೆ ಕಾದೆ. ಜುಲೈಯಲ್ಲಿ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅವರು ಕಾಗದ ಓದಿ ಕನ್ನಡಕ ತೆಗೆದಿಟ್ಟರು. ಹೇಳಲಾಗುವುದಿಲ್ಲ ಅಂದರು. ಆಪರೇಷನ್ ಸಾಧ್ಯವಾಗುತ್ತಿತ್ತೇನೋ. ಕೆಲವರು ಅದರಿಂದ ಉಳಿಯುತ್ತಾರೆ, ಕೆಲವರು ಉಳಿಯುವುದಿಲ್ಲ. "ಇಸ್ ಕಾಗಜ್ ಕೋ ಲೇಕರ್ ಮತ್ ಬೈಠಿಯೇ, ಬೆಹೆನ್‌ಜಿ" ಎಂದರು. ಈ ಕಾಗದ ಹಿಡಿದು ಕೂರಬೇಡಿ ಅಂತ. ಕಾಗದವನ್ನು ಮಡಿಚಿ ಪರ್ಸಿನಲ್ಲಿ ಇಟ್ಟುಕೊಂಡು ಬಂದೆ.

ಊರಿನಲ್ಲಿದ್ದ ಅತ್ತೆಗೆ ಇದನ್ನು ಬರೆಯಲಿಲ್ಲ. ಮಗಳಿಗೆ ಅವಳು ದೊಡ್ಡವಳಾದ ಮೇಲೆ ಹೇಳಿದೆ.

ಪಟ್ಟಿ ಮಾಡುವುದು ಮಾತ್ರ ಬಾಕಿಯಿತ್ತು. ಇನ್ನು ಹತ್ತು ದಿನಕ್ಕೆ ವ್ಯಾನ್. ನಾನು ಮ್ಯಾನೇಜರ ಹತ್ತಿರ ಹೋಗಿ, ಈ ಸಲ ಟೈಪ್‌ರೈಟರಿನಲ್ಲಿ ಹೊಡೆಯುತ್ತೇನೆ ಎಂದೆ. ಆಗುವುದಿಲ್ಲ, ಎಲ್ಲ ಪಟ್ಟಿ ಕಂಪ್ಯೂಟರಿನಲ್ಲೇ, ಸ್ಪೆಲ್ ಚೆಕ್ ಮಾಡಿಯೇ ಆಗಬೇಕೆಂದು ಹೆಡ್ ಆಫೀಸಿನ ಆದೇಶವಿದೆ ಅಂದರು. ಅವರಿಗೆ ಲಕೋಟೆಯ ವಿಷಯ ಹೇಳಲಿಲ್ಲ. ಹೇಳಿದರೆ ಟೈಮ್ ಆಫೀಸಿನ ಆ ವಯಸ್ಸಾದ ಮನುಷ್ಯನನ್ನು ಕರೆಸಿ ವಿಚಾರಿಸುತ್ತಿದ್ದರು. ಅವರು ಮಾಡಿದ್ದು ತಪ್ಪು ಅಂತ ನನಗೆ ಅನ್ನಿಸಿರಲಿಲ್ಲ.

ಬಾಂದ್ರಾದ ಸಾಹೇಬರಿಗೆ ಫೋನ್ ಮಾಡಿದೆ. ಹೆಸರುಗಳನ್ನು ಇದು ಮುಟ್ಟದ ಹಾಗೆ ಮಾಡುವುದು ಹೇಗೆ ಎಂದು ಕೇಳಿದೆ.

"ಭಾಳ ಸರಳ ಅದ ರೀ ಮೇಡಂ" ಎಂದರು. ಅವರು ಧಾರವಾಡದ ಕಡೆಯವರು ಎಂದು ಆಗಲೇ ಗೊತ್ತಾದದ್ದು. "ಅದು ತಾನ ತಿದ್ದೂದನ್ನ ಪೂರಾ ಬಂದ್ ಮಾಡಬಹುದ್ರೀ, ನಾ ಹೇಳತೀನಿ, ಬರಕೋರಿ. ಆಮ್ಯಾಲ ಪ್ರತಿ ಹೆಸರಿಗೂ ಅದು ನಿಂತು ಕೇಳತದ. ಕೇಳಿದಾಗ 'ಆ್ಯಡ್' ಅನ್ರಿ. ಅದರ ಡಿಕ್ಷನರಿಯೊಳಗ ಕೂಡತದ. ಮುಂದ ಅದರ ತಂಟೆಗೆ ಹೋಗೂದಿಲ್ಲ."

"ಮುನ್ನೂರು ಹೆಸರಿಗೂ?"

"ಒಮ್ಮೆ ಮಾಡಿದ್ರ ಕಾಯಂ ಆತು ನೋಡ್ರಿ. ಆದ್ರ ಒಂದು ಮಾತು. ನೀವು ತಪ್ಪು ಬರದು ಆ್ಯಡ್ ಅಂದ್ರ, ಆ ತಪ್ಪನ್ನ ಸೈತ ಅದು ಕಾಯಂ ಸರಿ ಅಂತ ತಿಳಕೋತದ."

ಅವರು ಹೇಳಿದ್ದನ್ನೆಲ್ಲ ಒಂದು ರಟ್ಟಿನ ಮೇಲೆ ಬರೆದು ಕಂಪ್ಯೂಟರಿನ ಬದಿಗೆ ಅಂಟಿಸಿದೆ. ಆಮೇಲೆ ಮಸ್ಟರ್ ತೆರೆದರೆ ನನಗೆ ಅದರ ಮೇಲೂ ನಂಬಿಕೆ ಬರಲಿಲ್ಲ. ಅದರಲ್ಲಿದ್ದ ಹೆಸರುಗಳನ್ನು ಎಂದೋ ಯಾರೋ ಗುಮಾಸ್ತರು ತಮ್ಮ ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದರು. ಹಾಗಾಗಿ ಊಟದ ಬಿಡುವಿನಲ್ಲಿ ಒಂದೊಂದು ಸೆಕ್ಷನ್ನಿಗೆ ಹೋಗತೊಡಗಿದೆ. ಒಂದು ನೋಟ್‌ಬುಕ್ಕು, ಒಂದು ಪೆನ್ನು. ನಿಮ್ಮ ಹೆಸರನ್ನು ನೀವೇ ಬರೆಯಿರಿ ಎನ್ನುತ್ತಿದ್ದೆ. ಬರೆಯಲು ಬಾರದವರು ಮಗನ ಶಾಲೆಯ ಪುಸ್ತಕವನ್ನೋ ರೇಷನ್ ಕಾರ್ಡನ್ನೋ ಮರುದಿನ ತರುತ್ತಿದ್ದರು.

"ಭಾಬೀ, ಇಪ್ಪತ್ತು ವರ್ಷದಿಂದ ತಪ್ಪಾಗೇ ಇದೆ. ಈಗ ಸರಿ ಮಾಡಿದ್ರೆ ನನಗೇ ಗುರುತು ಸಿಗಲ್ಲ" ಎಂದು ಪ್ರೆಸ್ ಶಾಪಿನ ಒಬ್ಬರು ಹಿಂದಿಯಲ್ಲಿ ಹೇಳಿದಾಗ ಸುತ್ತ ಇದ್ದವರೆಲ್ಲ ನಕ್ಕರು. ಆಮೇಲೆ ನಾನು ಯಾರ ಹೆಂಡತಿ ಎಂಬುದು ನೆನಪಾಗಿ ನಗು ನಿಲ್ಲಿಸಿದರು. ನಗಲಿ ಅಂತಲೇ ನನಗೆ ಇತ್ತು.

ಗ್ರೈಂಡಿಂಗ್ ಸೆಕ್ಷನ್ನಿಗೆ ಕೊನೆಯಲ್ಲಿ ಹೋದೆ. ಅವರ ಯಂತ್ರದ ಮುಂದೆ ಬೇರೊಬ್ಬರಿದ್ದರು. ಆ ಮನುಷ್ಯ ಕೈ ಒರೆಸಿಕೊಂಡು, ನಿಧಾನವಾಗಿ, ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದುಕೊಟ್ಟ. ಥ್ಯಾಂಕ್ಸ್ ಹೇಳಿ ಬಂದೆ.

ಸೇರಿಸುವುದಕ್ಕೆ ಆರು ದಿನ ಹಿಡಿಯಿತು. ಯಂತ್ರ ಒಂದು ಹೆಸರಿನ ಮುಂದೆ ನಿಲ್ಲುತ್ತದೆ. ನಾನು ನೋಟ್‌ಬುಕ್ ನೋಡಿ ಒಂದೊಂದು ಅಕ್ಷರ ಹೋಲಿಸುತ್ತೇನೆ. ಆ್ಯಡ್. ಮುಂದಿನದು. ಕೋಣೆಯ ತಣ್ಣಗಿನ ನೆಲದ ಮೇಲೆ ಬರಿಗಾಲು ಜೋಮು ಹಿಡಿಯುತ್ತಿತ್ತು. ಗೆಳತಿ ಕಾಲು ಒರೆಸುವ ಚಾಪೆ ತಂದು ಹಾಕಿದಳು. ನಡುನಡುವೆ ಕಣ್ಣು ಮಂಜಾದರೆ ಎದ್ದು ಹೊರಗೆ ಹೋಗಿ ನಿಂತು ಬರುತ್ತಿದ್ದೆ. ಅವರ ಹೆಸರನ್ನು ಸೇರಿಸಬೇಕೋ ಬೇಡವೋ ಎಂದು ಒಂದು ಮಧ್ಯಾಹ್ನ ಬಹಳ ಹೊತ್ತು ಯೋಚಿಸಿದೆ. ಪಟ್ಟಿಯಲ್ಲಿ ಅವರು ಇರಲಿಲ್ಲ. ಇಲ್ಲದ ಹೆಸರನ್ನು ಯಂತ್ರ ಕೇಳುವುದೂ ಇಲ್ಲ. ಸೇರಿಸಲಿಲ್ಲ.

ಕೊನೆಗೆ ಸ್ಪೆಲ್ ಚೆಕ್ ಮಾಡಿದಾಗ ಅದು ಮೊದಲಿನಿಂದ ಕೊನೆಯವರೆಗೆ ಎಲ್ಲೂ ನಿಲ್ಲದೆ ಓಡಿತು. ಮ್ಯಾನೇಜರು ಹಿಂದೆ ನಿಂತು ನೋಡಿ ಸಂತೋಷಪಟ್ಟರು. ಇನ್ನು ಆ ಭಜನೆ ಬೇಕಾಗಿಲ್ಲವಲ್ಲ ಎಂದರು. ಬೇಕು ಸಾರ್ ಎಂದೆ. ಅದಕ್ಕೆ ಈ ಹೆಸರು ಗೊತ್ತು, ಈ ಮನುಷ್ಯ ಗೊತ್ತಿಲ್ಲ ಎಂದು ಹೇಳಬೇಕೆನಿಸಿತು. "ಅರ್ಧ ದಿನ ಸಾಕು" ಎಂದಷ್ಟೇ ಹೇಳಿದೆ. ಪ್ರತಿ ಹೆಸರಿನ ಮುಂದೆ ಆ ಕೆಲಸಗಾರನ ಟೋಕನ್ ನಂಬರ್ ಹಾಕಬೇಕು, ಕ್ಲಿನಿಕ್ಕಿನವರು ಲಕೋಟೆಯ ಮೇಲೂ ಅದನ್ನು ಬರೆಯಬೇಕು ಎಂದು ಒಂದು ಪತ್ರ ತಯಾರಿಸಿ ಅವರ ಸಹಿ ಹಾಕಿಸಿಕೊಂಡೆ.

ಓದಲು ಕೂತಾಗ ಗೆಳತಿ ಹಾಳೆಗಳನ್ನು ನನ್ನ ಕಡೆ ಚಾಚಿ, ಈ ಸಲ ತಾನು ಓದುತ್ತೇನೆ, ನೀವು ಟಿಕ್ ಹಾಕಿ ಎಂದಳು. ಹಾಗೇ ಮಾಡಿದೆವು. ಯಾವುದನ್ನೂ ಬಿಡಲಿಲ್ಲ. ಅವಳ ಧ್ವನಿಯಲ್ಲಿ ಮೊದಲಿನ ರಾಗ ಇರಲಿಲ್ಲ. ಗ್ರೈಂಡಿಂಗ್ ಸೆಕ್ಷನ್ ಬಂದಾಗ ಅವಳು ಒಮ್ಮೆ ನೀರು ಕುಡಿದು ಮುಂದೆ ಓದಿದಳು.

ವ್ಯಾನ್ ಬಂತು, ಹೋಯಿತು. ಜುಲೈ ಬಂತು. ಆ ಸಲ ಹನ್ನೊಂದು ಲಕೋಟೆ ಬಂದವು. ಟೈಮ್ ಆಫೀಸಿನ ಗುಮಾಸ್ತರು ಅವುಗಳನ್ನು ಹಂಚುವ ಮೊದಲು ನನ್ನ ಮೇಜಿಗೆ ತಂದು ತೋರಿಸಿದರು. ಅವರಿಗೆ ಯಾರು ಏನು ಹೇಳಿದ್ದರೋ ನನಗೆ ತಿಳಿಯದು. ಹನ್ನೊಂದರ ಹೆಸರನ್ನೂ ನಂಬರನ್ನೂ ಇಬ್ಬರೂ ನೋಡಿದೆವು. ಮಧ್ಯಾಹ್ನದೊಳಗೆ ಎಲ್ಲವೂ ಸೇರಬೇಕಾದವರ ಕೈ ಸೇರಿದವು.

ಅವರಲ್ಲಿ ಒಬ್ಬರು ಪ್ರೆಸ್ ಶಾಪಿನವರು, ತಪ್ಪು ಹೆಸರಿನ ತಮಾಷೆ ಮಾಡಿದವರು. ಅವರಿಗೆ ಕ್ಷಯ ಇದೆಯೆಂದು ಗೊತ್ತಾಯಿತು. ಬೇಗ ತಿಳಿದದ್ದರಿಂದ ಮಾತ್ರೆಯಲ್ಲೇ ವಾಸಿಯಾಗುತ್ತದೆ ಅಂದರು, ವಾಸಿಯಾಯಿತು. ಮರುವರ್ಷ ಅವರ ಹೆಂಡತಿ ಪೇಢೆಯ ಪೊಟ್ಟಣ ಹಿಡಿದುಕೊಂಡು ಆಫೀಸಿಗೆ ಬಂದು, ಎಲ್ಲರಿಗೂ ಹಂಚಿ, ನನ್ನ ಮೇಜಿನ ಮುಂದೆ ನಿಂತರು. ನಾನು ಏನು ಮಾಡಿದೆನೆಂದು ಅವರಿಗೆ ಗೊತ್ತಿರಲಿಲ್ಲ. ಗಂಡ ಮತ್ತೆ ದಪ್ಪಗಾಗಿದ್ದಾರೆ, ಊಟಕ್ಕೆ ಕೂತರೆ ಏಳುವುದೇ ಇಲ್ಲ ಎಂದು ದೂರುವಂತೆ ಹೇಳಿದರು. ನಾನು ಪೇಢೆ ಬಾಯಿಗೆ ಹಾಕಿಕೊಂಡೆ. ಚೆನ್ನಾಗಿದೆ ಎಂದೆ. ಅವರು ಹೋದ ಮೇಲೆ ಕೆಲಸಕ್ಕೆ ತಿರುಗಿದೆ.

ನಾನು ಆ ಕಾರ್ಖಾನೆಯಲ್ಲಿ ಇನ್ನೂ ಕೆಲವು ವರ್ಷ ಇದ್ದೆ. ಇದ್ದಷ್ಟು ಕಾಲ ಒಂದು ಲಕೋಟೆಯೂ ಡ್ರಾವರಿನಲ್ಲಿ ಉಳಿಯಲಿಲ್ಲ. ಇದರಿಂದ ಸಮಾಧಾನವಾಯಿತೇ ಎಂದು ಗೆಳತಿ ಒಮ್ಮೆ ಕೇಳಿದಳು. ಕೆಲಸ ಆಯಿತು ಎಂದೆ.

ಜುಲೈಯಿಂದ ನವೆಂಬರಿನವರೆಗೆ ನಾಲ್ಕು ತಿಂಗಳು. ಅವು ನಮಗೆ ಸಿಗಲಿಲ್ಲ, ಅವರೂ ಇಲ್ಲ.